ಅರಿಶಿನ ಕೊಂಬಿನ ಡಬ್ಬಿ

ಬಾಂದ್ರಾ, ಮುಂಬಯಿ
ಸೋಮವಾರ, 6-8-1990

ಪ್ರೀತಿಯ ಅತ್ತೆಯವರಿಗೆ ನೀಲಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ಸಿಕ್ಕಿತು. ಇವತ್ತು ನಮ್ಮ ಹೋಟೆಲಿನ ಬ್ಯೂಟಿ ಪಾರ್ಲರಿಗೆ ವಾರದ ರಜೆ. ಬಟ್ಟೆ ಒಗೆದು ಚಾಳಿನ ವರಾಂಡದ ಕಂಬಿಯ ಮೇಲೆ ಹರವಿ ಬರೆಯಲು ಕುಳಿತಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ನಿಧಾನವಾಗಿ ಓದಿ. ಓದಿ ಹೇಳೆಂದು ನೆರೆಮನೆಯ ಶೀಲಾವತಿಯ ಕೈಗೆ ಮಾತ್ರ ಕೊಡಬೇಡಿ.

ತನ್ನ ಅಣ್ಣನ ಮನೆಗೆಂದು ಮುಂಬಯಿಗೆ ಬಂದವಳು ಬಾಂದ್ರಾ ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡಳು. ಊರಿಗೆ ಹೋದವಳೇ ನಿಮ್ಮ ಜಗಲಿಯಲ್ಲಿ ಕುಳಿತು, "ನೀಲಕ್ಕನ ಕುತ್ತಿಗೆಯಲ್ಲಿ ಕರಿಮಣಿಯೇ ಇಲ್ಲ ಮಾರಾಯ್ರೆ, ನಾನೇ ನೋಡಿದ್ದು" ಎಂದಳಂತೆ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ಅವಳ ಮಾತಿಗೆ ನನಗೆ ಬೇಸರವಿಲ್ಲ. ಆದರೆ "ಅದು ನಿಜವಾದರೆ ಇನ್ನು ಮುಂದೆ ನನ್ನನ್ನು ಅತ್ತೆ ಎಂದು ಕರೆಯಬೇಡ" ಎಂದು ನೀವು ಬರೆದಿದ್ದೀರಲ್ಲ, ಅದನ್ನು ಓದಿ ಕಣ್ಣಲ್ಲಿ ನೀರು ಬಂತು.

ತೆಗೆದದ್ದು ನಿಜ. ಕಾರಣ ಕೇಳಿ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ, ಬಟ್ಟಲಲ್ಲಿ ಕಲಸಿದ ಕ್ರೀಮು ಎಲ್ಲ ಹಳತಾಯಿತೆಂದು ಮ್ಯಾನೇಜರ್ ಸತ್ಯಮೂರ್ತಿಯವರು ಫೇಶಿಯಲ್ಲಿಗೆ ಕರೆಂಟಿನ ಯಂತ್ರ ತರಿಸಿದ್ದಾರೆ. ಹೆದರಬೇಡಿ, ಶಾಕ್ ಹೊಡೆಯುವಂಥದಲ್ಲ. ಮುಖದ ಮೇಲೆ ಇರುವೆ ಹರಿದ ಹಾಗಾಗುತ್ತದೆ, ಅಷ್ಟೇ. ಆದರೆ ಮೈಮೇಲೆ ಲೋಹ ಇರಬಾರದು. ಬಳೆ, ಓಲೆ, ಮೂಗುತಿ, ಸರ ಎಲ್ಲ ಬಿಚ್ಚಿಡಬೇಕು. ಮಲಗಿದವರೂ ಬಿಚ್ಚಬೇಕು, ಯಂತ್ರ ಹಿಡಿದ ನಾನೂ ಬಿಚ್ಚಬೇಕು.

ಎಡವಿದ್ದು ಇಲ್ಲೇ. ಪರದೇಶದ ಯಂತ್ರಕ್ಕೆ ನಮ್ಮ ಹೆಂಗಸರ ಕೊರಳಿನ ಸಂಗತಿ ಏನು ಗೊತ್ತು? ಪರೇಲಿನ ಡಾಕ್ಟರರ ಹೆಂಡತಿ ರಮಾಮಣಿಯವರು ಮೊದಲಿನಿಂದಲೂ ನನ್ನ ಕೈಯಿಂದಲೇ ಫೇಶಿಯಲ್ ಮಾಡಿಸಿಕೊಳ್ಳುವವರು. ಓಲೆ ಬಿಚ್ಚಿದರು, ಬಳೆ ಬಿಚ್ಚಿದರು, ತಾಳಿಯ ಮಾತೆತ್ತಿದ ಕೂಡಲೇ ಎದ್ದು ಕುಳಿತರು. "ಇದೊಂದನ್ನ ಮಾತ್ರ ಬಿಚ್ಚಲ್ಲ ಕಣ್ರೀ, ಮುಖ ಹೇಗಾದ್ರೂ ಹಾಳಾಗಿ ಹೋಗ್ಲಿ" ಎಂದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ಮರಾಠಿಯವರು, ಗುಜರಾತಿಯವರು, ಎಲ್ಲರದೂ ಅದೇ ಕಥೆ. ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತು. "ಏನಮ್ಮಾ ನೀಲಾವತಿ, ಇದನ್ನ ತರಿಸಿದ್ದು ಆಯುಧಪೂಜೆಗಾ?" ಎಂದು ಸತ್ಯಮೂರ್ತಿಯವರು ಕೇಳಿ ಹೋದರು. ನನ್ನ ಜಾಗಕ್ಕೆ ಬೇರೊಬ್ಬಳನ್ನು ತರುವ ಮಾತೂ ಕಿವಿಗೆ ಬಿತ್ತು.

ಆಗ ನೆನಪಾದವರು ನೀವು. ಮದುವೆಯಾದ ಹೊಸದರಲ್ಲಿ ನನ್ನ ಕರಿಮಣಿ ಕಡಿದು ಅಕ್ಕಸಾಲಿಗನ ಅಂಗಡಿಗೆ ಹೋಗಿತ್ತಲ್ಲ, ಕೊರಳು ಬರಿದಾಗಿರಬಾರದೆಂದು ನೀವು ನೂಲಿಗೆ ಅರಿಶಿನದ ಕೊಂಬು ಕಟ್ಟಿ ಹಾಕಿದ್ದಿರಿ. ನಾನು ದಾದರಿಗೆ ಹೋಗಿ ಅರಿಶಿನದ ಕೊಂಬು ತಂದೆ, ಒಂದೊಂದಕ್ಕೂ ನೂಲು ಕಟ್ಟಿ ಡಬ್ಬಿ ತುಂಬ ಇಟ್ಟೆ, ರಮಾಮಣಿಯವರಿಗೆ ಫೋನ್ ಮಾಡಿ ಕರೆಸಿದೆ. ಮೊದಲು ಕೊಂಬು ಕಟ್ಟಿ ಆಮೇಲೆ ತಾಳಿ ತೆಗೆಸಿದೆ. ಅವರು ನೆಮ್ಮದಿಯಾಗಿ ನಿದ್ದೆಯನ್ನೇ ಹೊಡೆದರು! ಈಗ ಯಂತ್ರಕ್ಕೆ ಬಿಡುವಿಲ್ಲ, ಪಾರ್ಲರಿನ ಉಸ್ತುವಾರಿ ನನ್ನದೇ. ಕೊಂಬು ಕಟ್ಟುವಾಗ ನಾನೇ ಪುರೋಹಿತರೋ ಎಂಬಂತೆ ಒಬ್ಬಿಬ್ಬರು ಕೈ ಮುಗಿದದ್ದೂ ಉಂಟು. ನನಗೆ ನಗು ತಡೆಯಲಾಗುವುದಿಲ್ಲ.

ಹೀಗೆ ನೋಡಿ ಅತ್ತೆ, ನಾನೂ ಕೆಲಸದಲ್ಲಿ ಕರಿಮಣಿ ಬಿಚ್ಚಿಡಬೇಕಾಗುತ್ತದೆ.

ನಿಮ್ಮ ಮಗ ಸೂರತ್ತಿನಲ್ಲಿ ಬೇರೆ ಸಂಸಾರ ಹೂಡಿದ್ದನ್ನು ನಮ್ಮ ಚಾಳಿನ ಮೋನಪ್ಪಣ್ಣ ಕಂಡು, ಊರಿಗೆ ಬಂದು ನಮ್ಮಿಬ್ಬರಿಗೂ ಹೇಳಿದ ದಿನ, "ಅವನು ಬಂದೇ ಬರ್ತಾನೆ, ನೀನು ಕರಿಮಣಿ ಮಾತ್ರ ತೆಗೀಬೇಡ ಮಗಾ" ಎಂದು ನನ್ನ ಕೈ ಹಿಡಿದುಕೊಂಡಿರಿ. ಆಮೇಲೂ ಪ್ರತಿ ಚೌತಿಗೆ ನನಗೊಂದು ಸೀರೆ ತೆಗೆದಿಟ್ಟವರು ನೀವು. ಹೆತ್ತ ತಾಯಿಯನ್ನು ನಾನು ನೋಡಿದ್ದೇ ಇಲ್ಲ. ನನಗಿರುವ ಊರೆಂದರೆ ನಿಮ್ಮ ಮನೆ.

ಮೋನಪ್ಪಣ್ಣ ಚೌತಿಗೆ ಊರಿಗೆ ಬರುತ್ತಾರೆ. ಅವರು ಹಿಂದಿರುಗುವಾಗ ಜೊತೆಯಲ್ಲೇ ಬಸ್ಸು ಹತ್ತಿ ಬನ್ನಿ. ಮಾವ ಹೋದ ಮೇಲೆ ನೀವು ಮುಖಕ್ಕೆ ನೀರಲ್ಲದೆ ಬೇರೇನೂ ಮುಟ್ಟಿಸಿಲ್ಲ. ಈ ಮುದುಕಿಯ ಮುಖ ಯಾರಿಗೆ ಬೇಕು ಎನ್ನುತ್ತೀರಿ. ನನಗೆ ಬೇಕು. ಪಾರ್ಲರಿನ ಕುರ್ಚಿಯಲ್ಲಿ ನಿಮ್ಮನ್ನು ಮಲಗಿಸಿ ನಾನೇ ಫೇಶಿಯಲ್ ಮಾಡುತ್ತೇನೆ. ನೀವು ಓಲೆ ಬಿಚ್ಚಿದರೆ ಸಾಕು.

ಮಳೆ ಜೋರಿದೆ, ಗದ್ದೆಯ ಬದಿಗೆ ಒಬ್ಬರೇ ಹೋಗಬೇಡಿ. ಮಂಡಿನೋವಿನ ಎಣ್ಣೆ ತಪ್ಪಿಸಬೇಡಿ.

ನಿಮ್ಮ
ನೀಲಾವತಿ

ಮತ್ತೆ: ಕಾಗದ ಅಂಟಿಸಲು ಹೊರಟೆ, ಕೈ ಬರಲಿಲ್ಲ. ಶೀಲಾವತಿ ನನ್ನನ್ನು ಕಂಡದ್ದೂ ಒಂದು ಸೋಮವಾರ. ಅವತ್ತು ಕೆಲಸವಿರಲಿಲ್ಲ, ಯಂತ್ರವಿರಲಿಲ್ಲ, ಕೊರಳಲ್ಲಿ ಅರಿಶಿನದ ಕೊಂಬೂ ಇರಲಿಲ್ಲ. ಅದಕ್ಕೂ ಮೊದಲೇ ಒಂದು ಸಂಜೆ, ಎಲ್ಲರ ತಾಳಿ ಅವರವರ ಕೊರಳಿಗೆ ಹಾಕಿ ಕಳಿಸಿ, ನನ್ನದನ್ನು ಹಾಕಿಕೊಳ್ಳದೆ ಮನೆಗೆ ಬಂದಿದ್ದೆ. ಮರೆತು ಅಲ್ಲ. ಮತ್ತೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಅದು ನಿಮ್ಮ ಮನೆಯ ಬಂಗಾರ, ಮೋನಪ್ಪಣ್ಣನ ಕೈಯಲ್ಲಿ ಕಳಿಸುತ್ತೇನೆ. ಅತ್ತೆ ಎಂದು ಕರೆಯಬೇಡ ಎಂದಿದ್ದೀರಿ. ಆಗಲಿ, ಇನ್ನು ಅಮ್ಮ ಎನ್ನುತ್ತೇನೆ. ಅದಕ್ಕೆ ಕರಿಮಣಿ ಬೇಡವಲ್ಲ?