ಬಾಯಿಪಾಠಕ್ಕೆ ಸಿಗದ ಬೆರಳು

ಪ್ರೀತಿಯ ಮಗಳೇ,

ಶನಿವಾರ, ಹದಿನೇಳನೇ ತಾರೀಕು

ನಿನ್ನ ಪತ್ರ ತಲುಪಿತು. ಪ್ರೆಸ್ಸಿನಲ್ಲಿ ನಡೆಯುವ ಕಣ್ಣಿನ ತಪಾಸಣೆಗೆ ತಪ್ಪದೆ ಹೋಗು, ಕಣ್ಣಿನೊಳಗೆ ಒತ್ತಡ ಏರುವ ಆ ರೋಗ ನೋವೇ ಕೊಡದೆ ಅಂಚಿನಿಂದ ನೋಟವನ್ನು ತಿನ್ನುತ್ತ ಬರುತ್ತದೆ, ಬೇಗ ಸಿಕ್ಕಿಬಿದ್ದರೆ ಹನಿ ಔಷಧಿಯಲ್ಲೇ ತಡೆಯಬಹುದು ಎಂದು ಬರೆದಿದ್ದೀಯ. ಆರೋಗ್ಯ ಕೇಂದ್ರದಲ್ಲಿ ಊರಿಗೆಲ್ಲ ಹೇಳುವ ಪಾಠ ಅಮ್ಮನಿಗೂ ಬಂತು, ಸಂತೋಷ. ನಿನ್ನ ಪಾಠದ ಮೇಲೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ತಪಾಸಣೆಗೆಂದು ಶಾಮಿಯಾನ ಹಾಕಿಸಿದವರ ಮೇಲೆ.

ಹಿಂದೊಮ್ಮೆ ಪ್ರೆಸ್ಸಿನ ಯಜಮಾನರು ಹೀಗೆಯೇ ಉದಾರಿಯಾಗಿ ಎಲ್ಲರ ಎದೆಯ ಫೋಟೊ ತೆಗೆಸಿದ್ದರು. ಬಿಸ್ಕತ್ತನ್ನೂ ಹಂಚಿದರು. ತಿಂಗಳು ತುಂಬುವುದರೊಳಗೆ ಕೆಮ್ಮುತ್ತಿದ್ದ ಮೂವರಿಗೆ ಮನೆಯಲ್ಲಿ ಆರಾಮ ಮಾಡಿ ಎಂದು ಅಪ್ಪಣೆಯಾಯಿತು. ಪಾಪ, ಇನ್ನೂ ಆರಾಮ ಮಾಡುತ್ತಲೇ ಇದ್ದಾರೆ. ಬಿಸ್ಕತ್ತಿನ ರುಚಿ ನೆನಪಿರುವವರಿಗೆ ಇದು ನೆನಪಿಲ್ಲ.

ಈ ಸಲ ಫಲಿತಾಂಶ ಯಾರ ಕೈ ಸೇರುತ್ತದೆ ಎಂದು ಮೊದಲೇ ಕೇಳಿದೆ. ನೀವು ಪ್ರೂಫ್ ಓದಿದರೆ ಸಾಕಮ್ಮ, ನಮ್ಮ ಮನಸ್ಸು ಓದಬೇಡಿ ಎಂದು ಮ್ಯಾನೇಜರ್ ನಕ್ಕ. ಅದು ಉತ್ತರವಲ್ಲ. ಹಾಗಾಗಿ ಹಿಂದಿನ ದಿನವೇ ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಪಟದ ಹತ್ತಿರ ನಿಂತು ಪೂರ್ತಿ ಬಾಯಿಪಾಠ ಮಾಡಿ, ಬೈಂಡಿಂಗಿನವರಿಗೆಲ್ಲ ಹೇಳಿಕೊಟ್ಟೆ. ಅಂಟು ಹಚ್ಚುತ್ತಲೇ ಮಗ್ಗಿಯ ಹಾಗೆ ಗುನುಗಿದರು. ಮಾರನೆಯ ದಿನ ಅಂಟಿನ ತಾತ ಕುರ್ಚಿಯಲ್ಲಿ ಕೂರುವ ಮೊದಲೇ, ಪಟಕ್ಕೆ ಬೆನ್ನು ಹಾಕಿಕೊಂಡು, ಕೊನೆಯ ಸಾಲು ಒಪ್ಪಿಸಿಬಿಟ್ಟ. ತಪಾಸಣೆಯ ಹುಡುಗಿ, "ಸ್ವಲ್ಪ ತಿರುಗಿ ನೋಡಿ ಹೇಳಿ ತಾತ, ನನಗೂ ಸಮಾಧಾನ" ಎಂದಳು.

ನನ್ನ ಸರದಿಯೂ ಆಯಿತು. ಏನೂ ತೊಂದರೆಯಿಲ್ಲ ಎಂದಳು.

ಚಿಂತೆ ನಿನ್ನ ಕಟಿಂಗ್ ಮಾವನದು. ಕಾಗದ ಕತ್ತರಿಸುವ ಮೆಷಿನ್ನಿನ ಮಾವ, ಚಿಕ್ಕಂದಿನಲ್ಲಿ ನಿನಗೆ ಅಂಚಿನ ಚೂರುಗಳನ್ನು ಗಾಳಿಪಟಕ್ಕೆ ಕೊಡುತ್ತಿದ್ದನಲ್ಲ, ಅವನೇ. ಅಕ್ಷರಗಳ ಪಟವನ್ನು ನೀರು ಕುಡಿದಷ್ಟು ಸುಲಭವಾಗಿ ಹೇಳಿದ. ಆಮೇಲೆ ಹುಡುಗಿ ಒಂದು ಕಣ್ಣು ಮುಚ್ಚಿಸಿ, ಪಕ್ಕದಿಂದ ಬೆರಳು ತರುತ್ತೇನೆ, ಕಂಡ ಕೂಡಲೇ ಹೇಳಿ ಎಂದಳು. ಎಡಗಡೆಯ ಬೆರಳು ಅರ್ಧ ದಾರಿ ದಾಟಿದರೂ ಇವನು ಬಾಯಿ ಬಿಡಲಿಲ್ಲ. ಅದಕ್ಕೆ ನಾನು ಪಾಠ ಹೇಳಿಕೊಟ್ಟಿರಲಿಲ್ಲವಲ್ಲ. ಕಣ್ಣಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು.

ಯಜಮಾನರಿಗೆ ಇದು ತಿಳಿಯುತ್ತದೆಯೇ ಎಂದು ಅವಳನ್ನೇ ಬದಿಗೆ ಕರೆದು ಕೇಳಿದೆ. "ಹೆಸರು ಕೇಳಿದ್ದಾರಮ್ಮ. ನಾನು ಕೊಡಲ್ಲ. ನಮ್ಮ ಮೇಲಿನವರು ಏನು ಮಾಡ್ತಾರೋ, ಆಣೆ ಮಾಡಿ ಹೇಳೋಕೆ ಆಗಲ್ಲ" ಎಂದಳು. ಹುಡುಗಿಯ ಮೇಲೆ ನಂಬಿಕೆ ಹುಟ್ಟಿತು. ಮಿಕ್ಕವರ ಮೇಲಿನ ಸಂಶಯ ಗಟ್ಟಿಯಾಯಿತು.

ಮಾವ ಚೀಟಿ ಹರಿದು ಮೆಷಿನ್ನಿಗೆ ಮರಳಿದ. "ಈ ಬ್ಲೇಡು ನನ್ನ ಕೈ ನೋಡ್ಕೊಂಡೇ ಬೆಳೆದಿದೆ ಅಕ್ಕಾ, ನನ್ನ ಕಣ್ಣು ಯಾಕೆ ಬೇಕು?" ಎಂದು ತಮಾಷೆ ಮಾಡಿದ. ಎಡಗೈಯಿಂದ ಕಾಗದದ ಕಟ್ಟನ್ನು ಬ್ಲೇಡಿನಡಿಗೆ ತಳ್ಳುತ್ತಿದ್ದ. ನನಗೆ ನಗು ಬರಲಿಲ್ಲ. ಕೆಲಸ ಹೋದೀತೆಂಬ ಭಯ ಅವನದು. ಕೈಯೇ ಹೋದೀತೆಂಬುದು ನನ್ನದು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕೇಂದ್ರದಲ್ಲಿ ತೋರಿಸಿದರೆ ಹೆಸರು ಹೊರಗೆ ಹೋಗುವುದಿಲ್ಲವೇ? ಹೌದಮ್ಮ, ನಂಬು ಎಂದು ಬರೆಯಬೇಡ. ಯಾರು ನೋಡುತ್ತಾರೆ, ನೋಡಿದ್ದನ್ನು ಯಾರಿಗೆ ಹೇಳುತ್ತಾರೆ, ವಿಚಾರಿಸಿ ಬರೆ. ನೀನು ಹೊಟ್ಟೆಯಲ್ಲಿ ಹುಟ್ಟಿದವಳು ನಿಜ. ಸಂಬಳ ಕೊಡುವವರು ನಿನಗೂ ಇದ್ದಾರೆ.

ನಿನ್ನ ಮೇಲೆ ಜೀವ, ಉಳಿದೆಲ್ಲದರ ಮೇಲೆ ಕಣ್ಣು ಇಟ್ಟಿರುವ
ಅಮ್ಮ

ತಾ.ಕ.: ಮಾವನೊಬ್ಬನನ್ನೇ ಕಳಿಸುವುದಿಲ್ಲ, ಜೊತೆಗೆ ನಾನೂ ಬರುತ್ತೇನೆ. ಎಡಗಡೆಯಿಂದ ಬಂದ ಬೆರಳು ನನಗೂ ಕಾಣಲಿಲ್ಲ ಮಗಳೇ. ಆ ಹುಡುಗಿಯ ಬಳೆ ಸದ್ದಾಯಿತು, ಕಂಡಿತು ಎಂದುಬಿಟ್ಟೆ.