ಒಂದಕ್ಕೇ ನಿಲ್ಲದ ಬಿಸ್ಕತ್ತು

ಮಾರ್ಚ್ ೧೨, ಗುರುವಾರ

ಅಕ್ಕನ ಮಾತು ಮನಸ್ಸನ್ನು ಕೊರೆಯುತ್ತಿದೆ. ಸಂಜೆ ಅವಳನ್ನು ಡಾಕ್ಟರ ಬಳಿ ಕರೆದೊಯ್ದಿದ್ದೆ. ತೂಕ ಮತ್ತೆ ಏರಿದೆ, ಮಂಡಿ ಸವೆದಿದೆ. “ಬಾಯಿ ಕಟ್ಟಬೇಕಮ್ಮ,” ಎಂದರು ಡಾಕ್ಟರು. ಹೊರಗೆ ಬಂದವಳು, “ತಪ್ಪು ನಂದೇ ಕಣೇ. ಒಂದೇ ಬಿಸ್ಕತ್ತು ಅಂತ ಕೂತ್ರೆ ಪೊಟ್ಟಣವೇ ಖಾಲಿಯಾಗುತ್ತೆ,” ಎಂದು ಅತ್ತಳು.

ಆ ಬಿಸ್ಕತ್ತಿನ ರುಚಿ ಹೊಂದಿಸಿದವಳು ನಾನು. ತಿನ್ನುವವರು ಒಂದಕ್ಕೇ ನಿಲ್ಲಿಸಬಾರದು, ಹಾಗೆ. ನಮ್ಮ ಬಿಸ್ಕತ್ತು ಕಂಪನಿ ನನಗೆ ವಹಿಸಿದ್ದ ಕೆಲಸವೇ ಅದು. ಇವತ್ತು ಅದನ್ನು ಅವಳಿಗೆ ಹೇಳಿಬಿಟ್ಟೆ.

“ಹಾಗಾದ್ರೆ ಇಷ್ಟು ವರ್ಷ ನನ್ನನ್ನೇ ನಾನು ಬೈಕೊಂಡಿದ್ದು?” ಎಂದಳು.

ಮಕ್ಕಳಿಗೆಂದೇ ಇದೇ ರೀತಿ ಮಾಡಿದ ಹೊಸ ಬಿಸ್ಕತ್ತಿನ ರುಚಿಗೆ ನಾಳೆ ಒಪ್ಪಿಗೆಯ ಸಹಿ ಹಾಕಬೇಕು. ಹಾಕುವುದಿಲ್ಲ. ನಾನು ಬಿಟ್ಟರೆ ಪಕ್ಕದ ಮೇಜಿನವನು ಹಾಕುತ್ತಾನೆ, ಗೊತ್ತು. ಆದರೂ ಆ ಕಾಗದದ ಮೇಲೆ ನನ್ನ ಹೆಸರು ಇರಬಾರದು.