ವೈನ್ ಬಾಟಲಿಯಲ್ಲಿ ಮುರುಗಲು ರಸ

ಹೊಸನಗರ
೨ ಫೆಬ್ರವರಿ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಸುಪ್ರಿಯಾ ಮಾಡುವ ನಮಸ್ಕಾರ. ನಿನ್ನ ಮಂಡಿ ನೋವು ಈಗ ಹೇಗಿದೆ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ.

ಈ ಕಾಗದದಲ್ಲಿರುವ ಕಥೆಯನ್ನು ಮೊದಲು ಹೇಳಿದವರು ನಿನ್ನ ಅಳಿಯ. ಹೇಳಿದ್ದು ಜನವರಿ ಇಪ್ಪತ್ತೆರಡನೇ ತಾರೀಕು ಸಂಜೆ, ಸಮುದ್ರದ ನಡುವೆ, ಎಂಟು ಜನ ಕೂತಿದ್ದ ಊಟದ ಮೇಜಿನಲ್ಲಿ. ಫೋನಿದ್ದೂ ಕಾಗದ ಯಾಕೆ ಬರೆದಳು ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ಇವರ ಹೆಸರು ಬಂದ ಕೂಡಲೇ ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತದೆ. ನಾಲ್ಕು ವರ್ಷದಿಂದ ಉಕ್ಕುತ್ತಲೇ ಇದೆ. ಕಾಗದವಾದರೆ ಹಾಲು ಇಳಿಸಿಟ್ಟು ಬಂದು ಓದಬಹುದು.

ತಮ್ಮ ಗಣೇಶನ ಹೊಸ ಮನೆಯ ಗೃಹಪ್ರವೇಶದ ಕಾರ್ಡು ಬಂತು. ಮೇಲೆ ನಿನ್ನದೇ ಅಕ್ಷರದಲ್ಲಿ ನನ್ನ ಹೆಸರಿದೆ, ಮಗಳು ಲಿಖಿತಾಳ ಹೆಸರಿದೆ. ಇವರದ್ದಿಲ್ಲ. ಇವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ ಗೂಡಿನಲ್ಲಿಟ್ಟರು. ಕುಡುಕ ನನ್ನ ಹೊಸಿಲು ದಾಟಬಾರದು ಎಂದು ನೀನು ಅಂದ ಮಾತು ಇವರಿಗೂ ನೆನಪಿದೆ. ಅದು ತಪ್ಪು ಎಂದು ಹೇಳಲು ನಾನು ಬರೆಯುತ್ತಿಲ್ಲ. ಗೃಹಪ್ರವೇಶಕ್ಕೆ ಇನ್ನೂ ಹನ್ನೆರಡು ದಿನವಿದೆ. ಅಷ್ಟರೊಳಗೆ ನೀನು ಇದನ್ನೊಮ್ಮೆ ಓದಬೇಕು, ಅಷ್ಟೇ.

ನಾವು ಹಡಗಿಗೆ ಹೋದದ್ದು ನಿನಗೆ ಗೊತ್ತು; ಆ ದಿನಗಳಲ್ಲಿ ಲಿಖಿತಾ ನಿನ್ನ ಹತ್ತಿರವೇ ಇದ್ದಳಲ್ಲ. ಇವರ ಅಂಗಡಿಗೆ ಪೈಪು ಕೊಡುವ ಕಂಪನಿಯವರು, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಹೆಂಡತಿ ಸಮೇತ ನಾಲ್ಕು ದಿನ ಕರೆದುಕೊಂಡು ಹೋಗಿದ್ದರು. ಇವರಿಗೆ ಮನಸ್ಸಿರಲಿಲ್ಲ. ಅಂಗಡಿಯವರ ಟೂರು ಎಂದರೆ ಬಸ್ಸು ಹೊರಡುವ ಮೊದಲೇ ಬಾಟಲಿ ಬಿಚ್ಚುತ್ತದೆ. ಒಂದು ಕಾಲದಲ್ಲಿ ಬಿಚ್ಚುತ್ತಿದ್ದವರು ಇವರೇ. ನಾನೇ ಒತ್ತಾಯ ಮಾಡಿದೆ. ಎಷ್ಟು ದಿನ ಅಂತ ಜನರಿಂದ ತಪ್ಪಿಸಿಕೊಂಡು ಅಂಗಡಿಯಲ್ಲಿ ಕೂರುವುದು ಎಂದೆ.

ಒತ್ತಾಯ ಮಾಡಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಆಗ ಒಂದು ಉಪಾಯ ಹೊಳೆಯಿತು. ಕೈಯಲ್ಲಿ ಕೆಂಪು ಗ್ಲಾಸು ಹಿಡಿದವನನ್ನು ಯಾರೂ ಕುಡಿ ಕುಡಿ ಎಂದು ಪೀಡಿಸುವುದಿಲ್ಲ. ನಮ್ಮ ಮುರುಗಲು ಹಣ್ಣಿನ ರಸಕ್ಕಿಂತ ಕೆಂಪಾದದ್ದು ಯಾವುದಿದೆ? ಕಳೆದ ಬೇಸಿಗೆಯಲ್ಲಿ ಸಕ್ಕರೆ ಹಾಕಿ ಇಟ್ಟ ಗಟ್ಟಿ ರಸ ಇನ್ನೂ ಅರ್ಧ ಭರಣಿ ಉಳಿದಿತ್ತು. ಆದರೆ ಹಡಗಿನವರು ವಾಟ್ಸಾಪಿಗೆ ಕಳಿಸಿದ ನಿಯಮ ನೋಡಿದರೆ, ಹೊರಗಿನ ನೀರು ತರುವಂತಿಲ್ಲ, ಜ್ಯೂಸು ತರುವಂತಿಲ್ಲ. ಗಂಡ ಹೆಂಡತಿ ಸೇರಿ ಬಿರಡೆ ತೆಗೆಯದ ವೈನ್ ಬಾಟಲಿ ಒಂದನ್ನು ಮಾತ್ರ ತರಬಹುದು. ಓದಿ ನಗು ಬಂತು. ನೀರು ಹತ್ತಬಾರದ ಹಡಗಿಗೆ ವೈನ್ ಹತ್ತಬಹುದು. ಸರಿ, ನಮ್ಮ ಮುರುಗಲು ವೈನಾಗಿಯೇ ಹತ್ತಲಿ ಎಂದುಕೊಂಡೆ.

ಹುಲಿಕಲ್ ದಾರಿಯಲ್ಲಿ ಹೋಂಸ್ಟೇ ನಡೆಸುವವರ ಹತ್ತಿರ ಖಾಲಿ ವೈನ್ ಬಾಟಲಿ ಕೇಳಿ ತಂದೆ. ಹಳೆಯ ಚೀಟಿ ನೆನೆಸಿ ಕಿತ್ತು, ಬಿಸಿನೀರಿನಲ್ಲಿ ತೊಳೆದು, ರಸ ತುಂಬಿ, ಬಿರಡೆ ಒತ್ತಿ, ಮೇಲೆ ಮೇಣದಬತ್ತಿ ಕರಗಿಸಿ ಸುರಿದೆ. ಇವರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, “ಎಂಥಾ ಕಳ್ಳಬಟ್ಟಿ ಮಾರಾಯ್ತಿ ಇದು, ನಾನು ಬಿಟ್ಮೇಲೆ ನೀನ್ ಶುರು ಮಾಡ್ಕಂಡ್ಯಾ” ಅಂದರು. ತುಂಬಾ ದಿನದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಘಾಟಿ ಇಳಿದು, ಕುಂದಾಪುರದಲ್ಲಿ ರೈಲು ಹತ್ತಿ ಮುಂಬಯಿ ಸೇರಿದೆವು. ಹಡಗು ಹತ್ತುವಲ್ಲಿ ಎಲ್ಲರ ಚೀಲವನ್ನೂ ಮೆಷಿನ್ನಿನೊಳಗೆ ಬಿಡುತ್ತಾರೆ. ಬಿಳಿ ಅಂಗಿಯ ಅಧಿಕಾರಿ ನಮ್ಮ ಬಾಟಲಿ ಎತ್ತಿ, ಮೇಣವನ್ನು ಉಗುರಿನಲ್ಲಿ ಕೆರೆದು ನೋಡಿದ. ಮನೆಯಲ್ಲಿ ಮಾಡಿದ್ದಾ ಎಂದು ಹಿಂದಿಯಲ್ಲಿ ಕೇಳಿದ. ಅಂಗಡಿಯ ಸೀಲಿಲ್ಲದ ವೈನ್ ಒಳಗೆ ಹೋಗುವಂತಿಲ್ಲವಂತೆ. ವೈನಲ್ಲ, ಹಣ್ಣಿನ ರಸ ಎನ್ನೋಣವೆಂದರೆ ಅದೂ ಹೋಗುವಂತಿಲ್ಲ. ಅವನು ಬಾಟಲಿಗೆ ನಂಬರು ಕಟ್ಟಿ, ಇಳಿಯುವಾಗ ತಗೊಳ್ಳಿ ಎಂದು ರಸೀದಿ ಕೊಟ್ಟ.

ಸಾಲಿನಲ್ಲಿ ನಮ್ಮ ಹಿಂದೆಯೇ ಸಾಗರದ ನಟರಾಜ್ ಇದ್ದರು. ಪಂಪು-ಮೋಟಾರು ಅಂಗಡಿಯವರು, ಇವರ ಹಳೆಯ ಜೊತೆಗಾರ. “ಓಹೋ, ರಾಜೇಂದ್ರಣ್ಣ ಮನೇದೇ ಕಟ್ಕಂಡು ಬಂದಾನೆ. ಬಿಟ್ಟಿದೀನಿ ಬಿಟ್ಟಿದೀನಿ ಅಂತಿದ್ಯಲ್ಲೋ” ಎಂದು ಬೆನ್ನಿಗೆ ಹೊಡೆದರು. ತೀರ್ಥಹಳ್ಳಿಯ ಪೂರ್ಣೇಶ್, “ಹೋದ್ರೆ ಹೋಗ್ಲಿ ಬಿಡಿ, ಒಳಗೆ ಸಮುದ್ರನೇ ಇಟ್ಟಾರೆ” ಅಂದರು. ಇವರೂ ನಕ್ಕರು. ನನ್ನ ಉಪಾಯದಿಂದ ಆದದ್ದು ಇಷ್ಟು: ಇವರ ಕೈಯಲ್ಲಿ ಮುರುಗಲೂ ಉಳಿಯಲಿಲ್ಲ, ಬಿಟ್ಟಿದ್ದೇನೆ ಎಂಬ ಮಾತೂ ಉಳಿಯಲಿಲ್ಲ.

ಕಂಪನಿಯವರು ಎಲ್ಲರ ಕೈಗೂ ಒಂದು ಪಟ್ಟಿ ಕಟ್ಟಿದ್ದರು. ಅದನ್ನು ತೋರಿಸಿದರೆ ಸಾಕು, ಎಷ್ಟು ಬೇಕಾದರೂ ಕುಡಿಯಬಹುದು. ಮೊದಲ ಸಂಜೆ ಇವರು ಹೊಟ್ಟೆ ಸರಿಯಿಲ್ಲ ಎಂದು ಮೊಸರನ್ನ ಉಂಡು ಎದ್ದರು. ಎರಡನೆಯ ಸಂಜೆ ಆ ನೆಪ ನಡೆಯಲಿಲ್ಲ. ನಟರಾಜ್ ಒಂದು ಗ್ಲಾಸು ತಂದು ಇವರ ಮುಂದಿಟ್ಟು, “ಅತ್ತಿಗೆ, ಇವತ್ತೊಂದಿನ ಹಗ್ಗ ಬಿಚ್ಚಿ ಬಿಡಿ” ಎಂದು ನನಗೆ ಕೈಮುಗಿದರು. ಎಲ್ಲರೂ ನಕ್ಕರು. ನಾನು ಇವರ ಕೈಯನ್ನೇ ನೋಡುತ್ತಿದ್ದೆ, ಅವ್ವ. ಬೆರಳು ಗ್ಲಾಸಿನ ಸುತ್ತ ಹೋಯಿತು. ಅದನ್ನು ಎತ್ತಲಿಲ್ಲ, ಬಿಡಲೂ ಇಲ್ಲ. ಹಾಗೇ ಹಿಡಿದುಕೊಂಡು ಇವರು ಹೇಳಲು ಶುರು ಮಾಡಿದರು.

ನಾಲ್ಕು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಲಿಖಿತಾಗೆ ಆರು ವರ್ಷವಾಗಿದ್ದಾಗ, ಹಕ್ಕಿ ತೋರಿಸುತ್ತೇನೆ ಎಂದು ಅವಳನ್ನು ಬೈಕಿನಲ್ಲಿ ಮಂಡಗದ್ದೆಗೆ ಕರೆದುಕೊಂಡು ಹೋಗಿದ್ದು. ಹೊಳೆದಂಡೆಯಲ್ಲಿ ಕೂರಿಸಿ, ಹಕ್ಕಿ ಎಣಿಸುತ್ತಿರು, ಈಗ ಬಂದೆ ಎಂದು ಕುಡಿಯಲು ಹೋಗಿದ್ದು. ಈಗ ಎಂದದ್ದು ಮೂರು ಗಂಟೆಯಾಗಿದ್ದು. ಆಮೇಲೆ ಬೈಕು ಹತ್ತಿ ಒಬ್ಬರೇ ಹೊಸನಗರಕ್ಕೆ ಬಂದದ್ದು.

ಇಲ್ಲಿಯವರೆಗೆ ನಿನಗೂ ಗೊತ್ತು. ಅಲ್ಲಿ ಹೋಟೆಲ್ ಇಟ್ಟಿದ್ದ ಹೂವಯ್ಯ, ಒಬ್ಬಳೇ ಕೂತಿದ್ದ ಮಗುವಿಗೆ ಬನ್ನು ಕೊಟ್ಟು, ಅಜ್ಜಿಯ ಹೆಸರು ಯಮುನಮ್ಮ ಎಂದು ಅದರ ಬಾಯಿಂದ ಕೇಳಿ, ಅಲ್ಲೇ ಹತ್ತಿರದ ನಿನ್ನ ಮನೆ ಬಾಗಿಲಿಗೆ ತಂದು ಬಿಟ್ಟರು. ಮಗುವನ್ನು ಎಲ್ಲಾ ಕಡೆ ಹುಡುಕಿ ಸಿಗದೆ ಇವರು ಮನೆಗೆ ಓಡಿ ಬಂದರು ಎಂದು ನಾನು ಆಗ ನಿನಗೆ ಹೇಳಿದ್ದೆ. ಅದು ಸುಳ್ಳು, ಅವ್ವ. ಇವರ ಬಗ್ಗೆ ನಿನಗೆ ಉಳಿದಿರಬಹುದಾದ ಒಂದಿಷ್ಟು ಮರ್ಯಾದೆಗಾಗಿ ನಾನು ಕಟ್ಟಿದ ಸುಳ್ಳು. ಆ ಮೇಜಿನಲ್ಲಿ ಇವರು ನಿಜ ಹೇಳಿಬಿಟ್ಟರು.

“ಹುಡುಕ್ಲಿಲ್ಲ. ಮನೆಗ್ ಬಂದು ಊಟಕ್ಕೆ ಕೂತೆ. ಮೀನು ಸಾರಿತ್ತು, ಎರಡನೇ ಸಲಾನೂ ಹಾಕಿಸ್ಕಂಡೆ. ಮಗು ಅಜ್ಜಿ ಮನೇಲಿ ಉಳೀತೇನೋ ಅಂತ ಇವ್ಳು ಸುಮ್ನಿದ್ಲು. ಕೈ ತೊಳಿತಾ ನಾನೇ ಇವಳನ್ನ ಕೇಳ್ದೆ, ಲಿಖಿ ಮಲಗಿದ್ಲಾ ಅಂತ. ಇವ್ಳು ನನ್ನ ಮುಖ ನೋಡಿದ್ಲು. ಅಷ್ಟೊತ್ತಿಗೆ ಅತ್ತೆ ಫೋನು ಬಂತು.”

ಮೇಜಿನಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಇವರು ಗ್ಲಾಸಿನಿಂದ ಕೈ ತೆಗೆದರು. “ನಿನ್ನೆ ಹಿಡಿದ್ರಲ್ಲ ಬಾಟಲಿ, ಅದ್ರಾಗಿದ್ದದ್ದು ಮುರುಗಲು ರಸ. ಕುಡಿಯೋನ ಹಾಗೆ ಕಾಣ್ಲಿ ಅಂತ ತಂದಿದ್ದೆ. ನಿಮ್ಮ ಜೊತೆ ಕೂತು ಕುಡಿಯಲ್ಲ ಅನ್ನಕ್ಕೆ ನಾಚಿಕೆ. ಮಗೂನ ಬಿಟ್ ಬಂದದ್ದಕ್ಕಿಂತ ಇದು ದೊಡ್ಡ ನಾಚಿಕೆ ಅಂದ್ಕಂಡಿದ್ದೆ ನೋಡು.”

ನಟರಾಜ್ ಆ ಗ್ಲಾಸನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅದನ್ನು ಕುಡಿದರೋ ಬಿಟ್ಟರೋ ನಾನು ನೋಡಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಿನಗೆ ಇವರ ಮೇಲೆ ಸಿಟ್ಟು ಹೆಚ್ಚೇ ಆಗಬಹುದು. ಆಗಲಿ. ಏಳು ಜನರ ಎದುರು ಇವರೇ ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟು ಇವರನ್ನು ನಿನ್ನ ಮನೆಗೆ ಕರೆತರುವುದು ನನಗೆ ಬೇಡ. ಕರೆಯುವುದಾದರೆ ಎಲ್ಲ ತಿಳಿದು ಕರೆ. ಇಲ್ಲವಾದರೆ ನಾನು, ಲಿಖಿತಾ ಇಬ್ಬರೇ ಬರುತ್ತೇವೆ. ಆ ದಿನ ಇವರು ಅಂಗಡಿ ತೆರೆದುಕೊಂಡು ಕೂರುತ್ತಾರೆ. ಬೇಜಾರು ಮಾಡಿಕೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆಯದನ್ನೂ ಹೇಳಿ ಮುಗಿಸುತ್ತೇನೆ. ಏಳು ಗಂಟೆಗೆ ಯಾರೋ ನಮ್ಮ ರೂಮಿನ ಬಾಗಿಲು ತಟ್ಟಿದರು. ತೆಗೆದರೆ ನಟರಾಜ್ ಮತ್ತು ಪೂರ್ಣೇಶ್, ಇಬ್ಬರೂ ಚಡ್ಡಿಯಲ್ಲಿ, ತಲೆ ಕೂಡ ಬಾಚದೆ. “ಅತ್ತಿಗೆ, ಆ ರಸೀದಿ ಕೊಡಿ” ಅಂದರು. ಇವರು ಬೇಡವೆಂದರೂ ಕೇಳಲಿಲ್ಲ. ನಾನೂ ಹಿಂದೆ ಹೋದೆ. ಕೌಂಟರಿನಲ್ಲಿ ನಟರಾಜರ ಹಿಂದಿ ಕೇಳಬೇಕಿತ್ತು ನೀನು. ಇದು ಮದ್ದು, ಇದು ಹೊಟ್ಟೆಗೆ ತಂಪು, ನಮ್ಮ ಕಡೆ ಬಾಣಂತಿಯರಿಗೂ ಕೊಡುತ್ತಾರೆ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದರು. ಅಧಿಕಾರಿ ಬಾಟಲಿ ತರಿಸಿ, ಬಿರಡೆ ತೆಗೆದು ಮೂಸಿ, ನಕ್ಕ. ಅವನದು ಕೊಂಕಣದ ಊರಂತೆ. ಅವನ ತಾಯಿಯೂ ಇದನ್ನೇ ಮಾಡುತ್ತಾರಂತೆ. ಇಷ್ಟು ಹೇಳಿ, ಬಿರಡೆ ಒತ್ತಿ, ಬಾಟಲಿಯನ್ನು ವಾಪಸು ಒಳಗಿಟ್ಟ. ನಿಯಮ ನಿಯಮವೇ.

ತಿಂಡಿಯ ಕೋಣೆಯಲ್ಲಿ ಇವರು ಕಾಯುತ್ತಿದ್ದರು. “ಸಿಗ್ಲಿಲ್ಲ ಮಾರಾಯ” ಎಂದು ನಟರಾಜ್ ಕುರ್ಚಿ ಎಳೆದು ಕೂತು, ಇವರ ತಟ್ಟೆಯಿಂದ ಒಂದು ವಡೆ ಎತ್ತಿಕೊಂಡರು. ಪೂರ್ಣೇಶ್ ಕಾಫಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು; ಆದರೂ ಕಪ್ಪು ಬಸಿಗೆ ತಾಗಿ ಸದ್ದಾಗುತ್ತಿತ್ತು. ನಟರಾಜ್ ಎದ್ದು ಚಟ್ನಿ ತರಲು ಹೋದಾಗ ಅವರು ಇವರ ಕಡೆ ಬಗ್ಗಿ, ಬಿಟ್ಟ ಮೇಲೆ ಕೈ ನಡುಗುವುದು ಎಷ್ಟು ದಿನಕ್ಕೆ ನಿಲ್ಲುತ್ತದೆ ಎಂದು ಕೇಳಿದರು.

ಹನ್ನೊಂದು ದಿನ, ಅಂದರು ಇವರು.

ಇಂತಿ ನಿನ್ನ ಮಗಳು,
ಸುಪ್ರಿಯಾ

ತಾ.ಕ.: ಇವರನ್ನು ನಂಬದವಳು ನೀನೊಬ್ಬಳೇ ಅಲ್ಲ ಅವ್ವ. ನನ್ನ ಸೂಟ್‌ಕೇಸಿನಲ್ಲಿ, ತಲೆಗೆ ಹಾಕುವ ಎಣ್ಣೆಯ ಬಾಟಲಿಯಲ್ಲಿ ಒಂದು ಕ್ವಾರ್ಟರ್ ಬ್ರಾಂಡಿ ಇತ್ತು. ಇವರಿಗೆ ತಡೆಯದೇ ಹೋದರೆ, ಜನರ ಎದುರು ಕುಡಿಯುವುದು ಬೇಡ, ಬಾಗಿಲು ಹಾಕಿಕೊಂಡು ನನ್ನ ಮುಂದೆಯೇ ಕುಡಿಯಲಿ ಎಂದು ತಂದಿದ್ದೆ. ಅದನ್ನು ಯಾವ ಮೆಷಿನ್ನೂ ಹಿಡಿಯಲಿಲ್ಲ. ಇಳಿಯುವ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಸುರಿಯುತ್ತಿದ್ದೆ. ಇವರು ಹೊರಗಿನಿಂದ, “ಎಲ್ಲಾ ಸುರ್ದಾಯ್ತಾ?” ಎಂದು ಕೇಳಿದರು. ಯಾವಾಗಿನಿಂದ ಗೊತ್ತಿತ್ತು ಎಂದೆ. ಕುಂದಾಪುರದಲ್ಲಿ ರೈಲು ಹತ್ತುವಾಗಿನಿಂದ, ಅಂದರು.